ಒಂದು ತಂತಿಯಿಂದ ವಿಯೆಟ್ನಾಮಿನವರೆಗೆ: ಶೀತಲ ಸಮರಕ್ಕೆ ಒಂದು ಪ್ರವೇಶ

ಶೀತಲ ಸಮರದ ಪಾಠ ಶುರುಮಾಡಿದ ದಿನವೇ ತರಗತಿಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. 1945ರ ಏಪ್ರಿಲ್‌ನಲ್ಲಿ ಜರ್ಮನಿಯ ಎಲ್ಬ್ ನದಿಯ ದಡದಲ್ಲಿ ಅಮೆರಿಕದ ಸೈನಿಕರೂ ಸೋವಿಯತ್ ಸೈನಿಕರೂ ಅಪ್ಪಿಕೊಂಡು ಫೋಟೋ ತೆಗೆಸಿಕೊಂಡರು. ಎರಡೇ ವರ್ಷದಲ್ಲಿ ಆ ಎರಡು ದೇಶಗಳು ಒಂದರ ಮುಖ ಒಂದು ನೋಡದ ಸ್ಥಿತಿಗೆ ಬಂದದ್ದು ಹೇಗೆ? ಪಠ್ಯಪುಸ್ತಕ ತೆರೆದರೆ ಒಂದು ಕಡೆ ಬಂಡವಾಳಶಾಹಿ ಬಣ, ಇನ್ನೊಂದು ಕಡೆ ಕಮ್ಯುನಿಸ್ಟ್ ಬಣ ಎಂದು ಪಟ್ಟಿ ಇರುತ್ತದೆ. ಅದನ್ನು ಬಾಯಿಪಾಠ ಮಾಡಿದರೆ ಪರೀಕ್ಷೆಯೇನೋ ಪಾಸಾಗಬಹುದು. ಆದರೆ ಎಲ್ಲವೂ ಮೊದಲೇ ಬರೆದಿಟ್ಟ ಹಾಗೆ ನಡೆಯಿತು ಎಂಬ ತಪ್ಪು ಕಲ್ಪನೆ ತಲೆಯಲ್ಲಿ ಉಳಿದುಬಿಡುತ್ತದೆ. ನಡೆದದ್ದು ಹಾಗಲ್ಲ. ಒಂದೊಂದು ವರ್ಷ ಒಂದೊಂದು ತೀರ್ಮಾನವಾಯಿತು. ಆ ತೀರ್ಮಾನಗಳಲ್ಲಿ ಕೆಲವು ಸರಿಯಾಗಿದ್ದವು, ಕೆಲವು ಲಕ್ಷಾಂತರ ಜನರ ಪ್ರಾಣ ತೆಗೆದವು.

ಎರಡೂ ಕಡೆಯ ಭಯವನ್ನು ಮೊದಲು ಅರ್ಥಮಾಡಿಕೊಳ್ಳಬೇಕು. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟ ಕಳೆದುಕೊಂಡದ್ದು ಸುಮಾರು 2.7 ಕೋಟಿ ಜನರನ್ನು. ಮೂವತ್ತು ವರ್ಷಗಳೊಳಗೆ ಎರಡು ಸಲ ಜರ್ಮನ್ ಸೇನೆ ಪಶ್ಚಿಮದಿಂದ ಅವರ ನೆಲಕ್ಕೆ ನುಗ್ಗಿತ್ತು. ಹಾಗಾಗಿ ಪೋಲೆಂಡ್ ಮತ್ತು ಅದರ ಸುತ್ತಲಿನ ದೇಶಗಳಲ್ಲಿ ತನ್ನ ಮಾತು ಕೇಳುವ ಸರ್ಕಾರಗಳೇ ಇರಬೇಕೆಂದು ಸ್ಟಾಲಿನ್ ಹಟ ಹಿಡಿದ. ಆದರೆ 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ಅದೇ ಸ್ಟಾಲಿನ್ ಪೋಲೆಂಡಿನಲ್ಲಿ ಮುಕ್ತ ಚುನಾವಣೆ ನಡೆಸುವ ಮಾತು ಕೊಟ್ಟಿದ್ದ. 1947ರ ಜನವರಿಯಲ್ಲಿ ಚುನಾವಣೆ ನಡೆದಾಗ ಅದು ಹೆಸರಿಗಷ್ಟೇ ಚುನಾವಣೆಯಾಗಿತ್ತು. ಅಮೆರಿಕದ ಕಡೆ ಪರಿಸ್ಥಿತಿಯೇ ಬೇರೆ. ಅದರ ನಗರಗಳ ಮೇಲೆ ಬಾಂಬು ಬಿದ್ದಿರಲಿಲ್ಲ, ಕಾರ್ಖಾನೆಗಳು ಹಗಲಿರುಳು ಓಡುತ್ತಿದ್ದವು, ಅಣುಬಾಂಬು ಅದೊಂದರ ಕೈಯಲ್ಲೇ ಇತ್ತು. ಆದರೂ ಹಸಿದ, ಪಾಳುಬಿದ್ದ ಯುರೋಪಿನಲ್ಲಿ ಒಂದೊಂದಾಗಿ ದೇಶಗಳು ಕಮ್ಯುನಿಸ್ಟರ ಪಾಲಾದರೆ ತಾನು ಒಂಟಿಯಾಗುತ್ತೇನೆ ಎಂಬ ಅಂಜಿಕೆ ಅದಕ್ಕೂ ಇತ್ತು. ಫ್ರಾನ್ಸ್ ಮತ್ತು ಇಟಲಿಯಲ್ಲಿ ಕಮ್ಯುನಿಸ್ಟ್ ಪಕ್ಷಗಳಿಗೆ ಆಗ ದೊಡ್ಡ ಜನಬೆಂಬಲವಿತ್ತು.

ಇಂಥ ಹೊತ್ತಿನಲ್ಲಿ, 1946ರ ಫೆಬ್ರವರಿ 22ರಂದು, ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯಿಂದ ವಾಷಿಂಗ್ಟನ್ನಿಗೆ ಒಂದು ತಂತಿ ಹೋಯಿತು. ಕಳಿಸಿದವನು ಜಾರ್ಜ್ ಕೆನನ್, ನಲವತ್ತೆರಡು ವರ್ಷದ ಅಧಿಕಾರಿ. ರಷ್ಯನ್ ಭಾಷೆ ಚೆನ್ನಾಗಿ ಬಲ್ಲವನು, ಆ ದೇಶದ ಸಾಹಿತ್ಯ ಓದಿಕೊಂಡವನು, ಸ್ಟಾಲಿನ್ನನ ಆಡಳಿತವನ್ನು ಹತ್ತಿರದಿಂದ ಕಂಡವನು. ಸೋವಿಯತ್ ಒಕ್ಕೂಟ ವಿಶ್ವಬ್ಯಾಂಕನ್ನೂ ಐಎಂಎಫನ್ನೂ ಯಾಕೆ ಸೇರುತ್ತಿಲ್ಲ ಎಂದು ವಾಷಿಂಗ್ಟನ್ ವಿವರಣೆ ಕೇಳಿತ್ತು. ಜ್ವರದಿಂದ ಹಾಸಿಗೆ ಹಿಡಿದಿದ್ದ ಕೆನನ್ ಉತ್ತರವನ್ನು ಬಾಯಲ್ಲಿ ಹೇಳಿ ಬರೆಸಿದ. ಐದು ಸಾವಿರಕ್ಕೂ ಹೆಚ್ಚು ಪದಗಳ ಆ ತಂತಿ ಇವತ್ತಿಗೂ ‘ಉದ್ದ ತಂತಿ’ ಎಂದೇ ಪ್ರಸಿದ್ಧ.

ಅದರಲ್ಲಿ ಅವನು ಹೇಳಿದ್ದೇನು ಎಂಬುದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದಿನ ನಲವತ್ತು ವರ್ಷಗಳ ಬೀಜ ಅಲ್ಲಿದೆ. ಸೋವಿಯತ್ ನಾಯಕರಿಗೆ ಹೊರಗಿನ ಜಗತ್ತಿನ ಬಗ್ಗೆ ಇರುವ ಅಪನಂಬಿಕೆ ಇವತ್ತು ನಿನ್ನೆಯದಲ್ಲ, ಅದು ರಷ್ಯದ ಹಳೆಯ ಅಭದ್ರತೆಯಿಂದ ಬಂದದ್ದು. ಒಳಗಿನ ಸರ್ವಾಧಿಕಾರವನ್ನು ಸಮರ್ಥಿಸಿಕೊಳ್ಳಲು ಅವರಿಗೆ ಹೊರಗೊಬ್ಬ ಶತ್ರು ಬೇಕೇ ಬೇಕು. ಹಾಗಾಗಿ ಒಳ್ಳೆಯ ಮಾತಿನಿಂದಷ್ಟೇ ಅವರನ್ನು ಒಲಿಸಿಕೊಳ್ಳಲಾಗದು. ಆದರೆ ಅವರು ಹಿಟ್ಲರನಂತೆ ದಿನಾಂಕ ಗೊತ್ತುಮಾಡಿಕೊಂಡು ಯುದ್ಧಕ್ಕೆ ಹೊರಡುವವರೂ ಅಲ್ಲ. ಗಟ್ಟಿಯಾಗಿ ಎದುರು ನಿಂತರೆ ಹಿಂದೆ ಸರಿಯುತ್ತಾರೆ. ಆದ್ದರಿಂದ ಯುದ್ಧ ಬೇಕಿಲ್ಲ, ತಾಳ್ಮೆ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪಶ್ಚಿಮದ ಸಮಾಜಗಳು ತಮ್ಮ ಆರೋಗ್ಯವನ್ನು ತಾವು ನೋಡಿಕೊಳ್ಳಬೇಕು, ಹಸಿವು ಮತ್ತು ಹತಾಶೆ ಇರುವ ಕಡೆಯೇ ಕಮ್ಯುನಿಸಂ ಬೇರು ಬಿಡುವುದು. 1947ರ ಜುಲೈನಲ್ಲಿ ‘ಫಾರಿನ್ ಅಫೇರ್ಸ್’ ಪತ್ರಿಕೆಯಲ್ಲಿ ‘ಎಕ್ಸ್’ ಎಂಬ ಗುಪ್ತನಾಮದಲ್ಲಿ ಅವನೇ ಬರೆದ ಲೇಖನದಿಂದ ಈ ವಿಚಾರಕ್ಕೆ ಒಂದು ಹೆಸರು ಸಿಕ್ಕಿತು: ಕಂಟೈನ್‌ಮೆಂಟ್. ಹೊಲಕ್ಕೆ ಬದು ಹಾಕಿ ನೀರು ನಿಲ್ಲಿಸುವ ಹಾಗೆ, ಎದುರಾಳಿಯ ಪ್ರಭಾವ ಈಗಿರುವ ಗಡಿ ದಾಟದಂತೆ ತಡೆದು ಕಾಯುವುದು. ಒಳಗಿನ ಕೊರತೆಗಳಿಂದಲೇ ಆ ವ್ಯವಸ್ಥೆ ಒಂದು ದಿನ ಬದಲಾಗುತ್ತದೆ ಅಥವಾ ಕುಸಿಯುತ್ತದೆ ಎಂಬುದು ಅವನ ನಂಬಿಕೆ.

ಈ ತಂತಿಯ ಜೊತೆಗೆ ಇನ್ನೊಂದು ತಂತಿಯನ್ನೂ ನಾನು ವಿದ್ಯಾರ್ಥಿಗಳಿಗೆ ಕಡ್ಡಾಯವಾಗಿ ಓದಿಸುತ್ತೇನೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ನಿನ ಸೋವಿಯತ್ ರಾಯಭಾರಿ ನಿಕೊಲಾಯ್ ನೊವಿಕೋವ್ ಮಾಸ್ಕೋಗೆ ಕಳಿಸಿದ್ದು ಅದು. ಅಮೆರಿಕ ಇಡೀ ಜಗತ್ತಿನ ಮೇಲೆ ಯಜಮಾನಿಕೆ ನಡೆಸಲು ಹೊರಟಿದೆ, ಅದಕ್ಕಾಗಿಯೇ ತನ್ನ ಗಡಿಯಿಂದ ಸಾವಿರಾರು ಮೈಲಿ ದೂರದಲ್ಲಿ ಸೇನಾ ನೆಲೆಗಳನ್ನು ಕಟ್ಟುತ್ತಿದೆ ಎಂಬುದು ಅವನ ವಾದ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದವರಿಗೆ, ಪ್ರತಿಯೊಬ್ಬರೂ ತಾವು ಮಾಡುವುದು ರಕ್ಷಣೆ, ಎದುರಿನವರು ಮಾಡುವುದು ಆಕ್ರಮಣ ಎಂದು ಮನಸಾರೆ ನಂಬಿದ್ದರು ಎಂಬುದು ಕಾಣುತ್ತದೆ. ಇದರಿಂದ ಇಬ್ಬರೂ ಸಮ ಎಂದು ತಿಳಿಯಬೇಡಿ. ಕೆನನ್‌ನ ಲೇಖನವನ್ನು ಅಂಕಣಕಾರ ವಾಲ್ಟರ್ ಲಿಪ್‌ಮನ್ ಸಾಲುಸಾಲು ಬರಹಗಳಲ್ಲಿ ಬಹಿರಂಗವಾಗಿ ಟೀಕಿಸಿದ. ಅಂಥ ಟೀಕೆ ಸ್ಟಾಲಿನ್ನನ ಮಾಸ್ಕೋದಲ್ಲಿ ಸಾಧ್ಯವೇ ಇರಲಿಲ್ಲ.

ವಿಚಾರವೊಂದು ಹಣ ಮತ್ತು ಸೈನ್ಯದ ರೂಪ ಪಡೆದದ್ದು 1947ರಲ್ಲಿ. ಗ್ರೀಸಿನಲ್ಲಿ ಅಂತರ್ಯುದ್ಧ ನಡೆದಿತ್ತು, ಅಲ್ಲಿನ ಸರ್ಕಾರಕ್ಕೆ ಬ್ರಿಟನ್ ಬೆನ್ನೆಲುಬಾಗಿತ್ತು. ಯುದ್ಧದಿಂದ ಖಜಾನೆ ಬರಿದಾದ ಬ್ರಿಟನ್, ಇನ್ನು ನಮ್ಮ ಕೈಲಾಗದು ಎಂದು ಫೆಬ್ರವರಿಯಲ್ಲಿ ಅಮೆರಿಕಕ್ಕೆ ತಿಳಿಸಿತು. ಮಾರ್ಚ್ 12ರಂದು ಅಧ್ಯಕ್ಷ ಹ್ಯಾರಿ ಟ್ರೂಮನ್ ಸಂಸತ್ತಿನ ಮುಂದೆ ನಿಂತು ಗ್ರೀಸ್ ಮತ್ತು ಟರ್ಕಿಗೆ 40 ಕೋಟಿ ಡಾಲರ್ ನೆರವು ಕೇಳಿದ. ಅಷ್ಟಕ್ಕೇ ನಿಲ್ಲಲಿಲ್ಲ. ಸ್ವತಂತ್ರ ಜನರು ಎಲ್ಲಿಯೇ ಒತ್ತಡಕ್ಕೆ ಸಿಕ್ಕಿದರೂ ಅಮೆರಿಕ ಅವರ ಬೆಂಬಲಕ್ಕೆ ನಿಲ್ಲಬೇಕು ಎಂಬರ್ಥದ ಮಾತಾಡಿದ. ಎರಡು ದೇಶಗಳಿಗೆ ಕೇಳಿದ ಹಣಕ್ಕೆ ಇಡೀ ಭೂಮಂಡಲವನ್ನು ಆವರಿಸುವ ಭರವಸೆ ಅಂಟಿಕೊಂಡಿತು. ಕೆನನ್‌ಗೆ ಈ ಭಾಷಣ ಹಿಡಿಸಲಿಲ್ಲ. ಯಾವ ದೇಶ ಮುಖ್ಯ, ಯಾವುದು ಅಲ್ಲ ಎಂದು ಅಳೆದು ನೋಡಬೇಕು ಎನ್ನುವುದು ಅವನ ನಿಲುವಾಗಿತ್ತು. ನನ್ನ ಮಟ್ಟಿಗೆ ಶೀತಲ ಸಮರದ ಅತಿ ಮುಖ್ಯ ತಿರುವು ಇದೇ. ತಡೆಯುವ ನೀತಿಗೆ ಇರಬೇಕಾಗಿದ್ದ ಮಿತಿ ಮೊದಲ ವರ್ಷವೇ ಸಡಿಲವಾಯಿತು.

ಮೂರು ತಿಂಗಳ ನಂತರ ಬಂದ ಮಾರ್ಷಲ್ ಯೋಜನೆ ಕೆನನ್‌ನ ಮನಸ್ಸಿಗೆ ಹೆಚ್ಚು ಹತ್ತಿರದ್ದು. ವಿದೇಶಾಂಗ ಸಚಿವ ಜಾರ್ಜ್ ಮಾರ್ಷಲ್ ಜೂನ್ 5ರಂದು ಹಾರ್ವರ್ಡ್‌ನಲ್ಲಿ ಘೋಷಿಸಿದ ಈ ಯೋಜನೆಯಲ್ಲಿ 1948ರಿಂದ 1952ರವರೆಗೆ ಸುಮಾರು 1,300 ಕೋಟಿ ಡಾಲರ್ ಪಶ್ಚಿಮ ಯುರೋಪಿಗೆ ಹರಿಯಿತು: ಗೋಧಿ, ಕಲ್ಲಿದ್ದಲು, ಗೊಬ್ಬರ, ಯಂತ್ರ. ಸೋವಿಯತ್ ಒಕ್ಕೂಟಕ್ಕೂ ಆಹ್ವಾನವಿತ್ತು. ಅದರ ವಿದೇಶಾಂಗ ಸಚಿವ ಮೊಲೊಟೊವ್ ಪ್ಯಾರಿಸ್ಸಿನ ಸಭೆಗೆ ಬಂದು, ನಡುವೆಯೇ ಎದ್ದುಹೋದ. ಸೇರಲು ಸಿದ್ಧವಾಗಿದ್ದ ಚೆಕೊಸ್ಲೊವಾಕಿಯಾ ಮಾಸ್ಕೋದ ಒತ್ತಡಕ್ಕೆ ಮಣಿದು ಹಿಂದೆಗೆಯಿತು. ಮರುವರ್ಷ ಫೆಬ್ರವರಿಯಲ್ಲಿ ಅಲ್ಲಿ ಕಮ್ಯುನಿಸ್ಟರೇ ಪೂರ್ಣವಾಗಿ ಅಧಿಕಾರ ಹಿಡಿದರು.

ಈಗ ಬರ್ಲಿನ್. ಭೂಪಟ ಎದುರಿಗಿಲ್ಲದೆ ಈ ಭಾಗ ಓದಬೇಡಿ. ಸೋತ ಜರ್ಮನಿಯನ್ನು ಗೆದ್ದವರು ನಾಲ್ಕು ವಲಯ ಮಾಡಿ ಹಂಚಿಕೊಂಡಿದ್ದರು. ಬರ್ಲಿನ್ ನಗರ ಇದ್ದದ್ದು ಸೋವಿಯತ್ ವಲಯದೊಳಗೆ, ಪಶ್ಚಿಮದ ಗಡಿಯಿಂದ ಸುಮಾರು 160 ಕಿಲೋಮೀಟರ್ ಒಳಗೆ. ಆದರೆ ಆ ನಗರವನ್ನೂ ನಾಲ್ಕು ಪಾಲು ಮಾಡಿದ್ದರು. ಅಂದರೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿದ್ದ ಪಶ್ಚಿಮ ಬರ್ಲಿನ್, ಸುತ್ತ ಎಲ್ಲ ಕಡೆ ಸೋವಿಯತ್ ಸೇನೆಯೇ ಇದ್ದ ಒಂದು ದ್ವೀಪ. 1948ರ ಜೂನ್‌ನಲ್ಲಿ ಪಶ್ಚಿಮದವರು ತಮ್ಮ ವಲಯಗಳಲ್ಲಿ ಹೊಸ ಕರೆನ್ಸಿ ತಂದಾಗ, ಜೂನ್ 24ರಂದು ಸೋವಿಯತ್ ಅಧಿಕಾರಿಗಳು ಆ ದ್ವೀಪಕ್ಕೆ ಹೋಗುವ ರಸ್ತೆ, ರೈಲು, ಕಾಲುವೆ ಎಲ್ಲವನ್ನೂ ಮುಚ್ಚಿದರು.

ಆಗ ಅಮೆರಿಕದ ಮುಂದೆ ಏನೇನು ದಾರಿಗಳಿದ್ದವು ಎಂದು ವಿದ್ಯಾರ್ಥಿಗಳನ್ನು ಕೇಳುತ್ತೇನೆ. ಬಿಟ್ಟುಹೋಗಬಹುದಿತ್ತು. ಜನರಲ್ ಲೂಸಿಯಸ್ ಕ್ಲೇ ಸೂಚಿಸಿದಂತೆ ಶಸ್ತ್ರಸಜ್ಜಿತ ವಾಹನಗಳ ಸಾಲು ಕಟ್ಟಿಕೊಂಡು ರಸ್ತೆಯಲ್ಲಿ ನುಗ್ಗಬಹುದಿತ್ತು. ಮೊದಲನೆಯದು ಸೋಲು, ಎರಡನೆಯದು ಬಹುಶಃ ಮೂರನೇ ಮಹಾಯುದ್ಧ. ಟ್ರೂಮನ್ ಎರಡನ್ನೂ ಒಪ್ಪಲಿಲ್ಲ. ರಸ್ತೆ ಬಳಸುವ ಬಗ್ಗೆ ಲಿಖಿತ ಒಪ್ಪಂದ ಇರಲಿಲ್ಲ, ಆದರೆ ಮೂರು ವಿಮಾನ ಮಾರ್ಗಗಳಿಗೆ 1945ರಲ್ಲೇ ಲಿಖಿತ ಒಪ್ಪಂದವಾಗಿತ್ತು. ಆಕಾಶದಿಂದ ಸಾಮಾನು ತರೋಣ ಎಂದು ತೀರ್ಮಾನವಾಯಿತು. ಇದರ ಜಾಣತನ ನೋಡಿ. ಸಾಮಾನು ಹೊತ್ತ ವಿಮಾನವನ್ನು ತಡೆಯಬೇಕಾದರೆ ಹೊಡೆದುರುಳಿಸಬೇಕು. ಯುದ್ಧ ಶುರುಮಾಡುವ ಹೊಣೆಯೆಲ್ಲ ಈಗ ಸ್ಟಾಲಿನ್ನನ ತಲೆಗೆ ಬಂತು. ಅವನು ಆ ಹೊಣೆ ಹೊರಲು ಸಿದ್ಧನಿರಲಿಲ್ಲ.

ಲೆಕ್ಕ ಮಾತ್ರ ಭಯಂಕರವಾಗಿತ್ತು. ನಗರ ಬದುಕಬೇಕಾದರೆ ದಿನಕ್ಕೆ ಸುಮಾರು 4,500 ಟನ್ ಸಾಮಾನು ಬೇಕು. ಮೊದಲು ಸಿಕ್ಕ ಸಿ-47 ವಿಮಾನಗಳು ಒಂದು ಸಲಕ್ಕೆ ತರುತ್ತಿದ್ದದ್ದು ಮೂರು ಟನ್ನಿನಷ್ಟು. ಆಮೇಲೆ ಹತ್ತು ಟನ್ ಹೊರುವ ಸಿ-54 ವಿಮಾನಗಳು ಬಂದವು. ಬ್ರೆಡ್ಡಿನ ಬದಲು ಹಿಟ್ಟು ತಂದರು, ಬ್ರೆಡ್ಡಿನಲ್ಲಿರುವ ನೀರಿನ ತೂಕ ಉಳಿಯಲಿ ಎಂದು. ಆಲೂಗಡ್ಡೆಯನ್ನು ಒಣಗಿಸಿ ತಂದರು. ಉಪ್ಪಿನಿಂದ ವಿಮಾನದ ಲೋಹ ತುಕ್ಕು ಹಿಡಿಯುತ್ತದೆಂದು, ಸಮುದ್ರದ ನೀರಿಗೆ ಜಗ್ಗದಂತೆ ತಯಾರಾದ ಬ್ರಿಟಿಷ್ ಸಂಡರ್‌ಲ್ಯಾಂಡ್ ವಿಮಾನಗಳಲ್ಲಿ ಉಪ್ಪು ಬಂತು. ಅವು ಇಳಿದದ್ದು ಹಾವೆಲ್ ನದಿಯ ಸರೋವರದ ಮೇಲೆ. ಬಂದದ್ದರಲ್ಲಿ ಮೂರನೇ ಎರಡು ಪಾಲು ಕಲ್ಲಿದ್ದಲು, ಚೀಲಗಳಲ್ಲಿ ತುಂಬಿದ್ದು. ಇದೆಲ್ಲದರ ಉಸ್ತುವಾರಿ ವಹಿಸಿದ ಜನರಲ್ ವಿಲಿಯಂ ಟನ್ನರ್ ಈ ವಿದ್ಯೆ ಕಲಿತದ್ದು ನಮ್ಮ ಅಸ್ಸಾಮಿನ ಮೇಲೆ, ಯುದ್ಧಕಾಲದಲ್ಲಿ ಹಿಮಾಲಯ ದಾಟಿಸಿ ಚೀನಾಕ್ಕೆ ಸರಕು ಕಳಿಸುತ್ತಿದ್ದಾಗ. ವಿಮಾನಗಳು ಮೂರು ನಿಮಿಷಕ್ಕೊಂದರಂತೆ ಬರಬೇಕು, ಪೈಲಟ್ ವಿಮಾನ ಬಿಟ್ಟು ಅಡ್ಡಾಡಕೂಡದು, ಮೊದಲ ಯತ್ನದಲ್ಲಿ ಇಳಿಯಲಾಗದಿದ್ದರೆ ಇನ್ನೊಂದು ಸುತ್ತು ಹೊಡೆಯದೆ ಸರಕಿನೊಂದಿಗೇ ವಾಪಸು ಹೋಗಬೇಕು ಎಂಬ ಕಟ್ಟುನಿಟ್ಟು ಅವನದು.

ಬರ್ಲಿನ್ನಿನ ಜನ ಸುಮ್ಮನೆ ಕೂತು ಉಣ್ಣಲಿಲ್ಲ. ಟೆಗೆಲ್‌ನಲ್ಲಿ ಹೊಸ ವಿಮಾನ ನಿಲ್ದಾಣವೊಂದನ್ನು, ಬಾಂಬಿಗೆ ಉರುಳಿದ ಮನೆಗಳ ಇಟ್ಟಿಗೆ ಕಲ್ಲು ಹಾಸಿ, ಸಾವಿರಾರು ಗಂಡಸರು ಹೆಂಗಸರು ಸೇರಿ ಮೂರೇ ತಿಂಗಳಲ್ಲಿ ಕಟ್ಟಿದರು. ಚಳಿಗಾಲದಲ್ಲಿ ದಿನಕ್ಕೆ ಕೆಲವೇ ಗಂಟೆ ಕರೆಂಟು. ಪೂರ್ವ ಭಾಗದಲ್ಲಿ ಹೆಸರು ನೋಂದಾಯಿಸಿದರೆ ರೇಷನ್ ಕೊಡುತ್ತೇವೆ ಎಂದು ಸೋವಿಯತ್ ಅಧಿಕಾರಿಗಳು ಕರೆದರೂ ಹೋದವರು ಕಡಿಮೆ. ಮೂರು ವರ್ಷಗಳ ಹಿಂದೆ ಇದೇ ನಗರದ ಮೇಲೆ ಬಾಂಬು ಸುರಿದವರು ಈಗ ಹಿಟ್ಟು ತರುತ್ತಿದ್ದರು. 1949ರ ಮೇ 12ರಂದು ಸ್ಟಾಲಿನ್ ದಿಗ್ಬಂಧನ ತೆಗೆದ. ಸೆಪ್ಟೆಂಬರ್‌ವರೆಗೂ ಮುಂದುವರಿದ ಆ ಕಾರ್ಯಾಚರಣೆಯಲ್ಲಿ 2,70,000ಕ್ಕೂ ಹೆಚ್ಚು ಹಾರಾಟಗಳು ನಡೆದವು, ಸುಮಾರು 23 ಲಕ್ಷ ಟನ್ ಸರಕು ಬಂತು. ಅಪಘಾತಗಳಲ್ಲಿ ಬ್ರಿಟಿಷ್, ಅಮೆರಿಕನ್, ಜರ್ಮನ್ ಜನ ಪ್ರಾಣ ಕೊಟ್ಟರು. ತಡೆಯುವ ನೀತಿ ತನ್ನ ಅತ್ಯುತ್ತಮ ರೂಪದಲ್ಲಿ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನಾನು ಬರ್ಲಿನ್ ಕಡೆಗೆ ಬೆರಳು ತೋರಿಸುತ್ತೇನೆ. ಗುಂಡು ಹಾರಲಿಲ್ಲ, ಹಿಂದೆಯೂ ಸರಿಯಲಿಲ್ಲ, ಮತ್ತು ಯಾರಿಗಾಗಿ ಇದೆಲ್ಲ ನಡೆಯಿತೋ ಆ ಜನರೇ ಅದನ್ನು ಬಯಸಿದ್ದರು.

ಇಷ್ಟರಲ್ಲಿ 1949ರ ಏಪ್ರಿಲ್‌ನಲ್ಲಿ ಹನ್ನೆರಡು ದೇಶಗಳ ಸೇನಾ ಕೂಟ ನ್ಯಾಟೋ ಹುಟ್ಟಿತ್ತು. ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟ ತನ್ನ ಮೊದಲ ಅಣುಬಾಂಬು ಪರೀಕ್ಷಿಸಿತು. ಅಕ್ಟೋಬರ್ 1ರಂದು ಕಮ್ಯುನಿಸ್ಟ್ ನಾಯಕ ಮಾವೋ ಬೀಜಿಂಗ್‌ನಲ್ಲಿ ಚೀನಾ ಜನತಾ ಗಣರಾಜ್ಯ ಘೋಷಿಸಿದ. ವಾಷಿಂಗ್ಟನ್ನಿನಲ್ಲಿ ಗಾಬರಿ ಹತ್ತಿತು. ಸೆನೆಟರ್ ಜೋಸೆಫ್ ಮೆಕಾರ್ಥಿ ಸರ್ಕಾರದ ಒಳಗೇ ಕಮ್ಯುನಿಸ್ಟರಿದ್ದಾರೆಂದು ಅಬ್ಬರಿಸತೊಡಗಿದ, ಎಷ್ಟೋ ನಿರಪರಾಧಿಗಳು ಕೆಲಸ ಕಳೆದುಕೊಂಡರು. ಕೆನನ್‌ನ ಜಾಗಕ್ಕೆ ಬಂದ ಪಾಲ್ ನಿಟ್ಸೆಯ ನೇತೃತ್ವದಲ್ಲಿ 1950ರ ಏಪ್ರಿಲ್‌ನಲ್ಲಿ ‘ಎನ್‌ಎಸ್‌ಸಿ-68’ ಎಂಬ ಗುಪ್ತ ದಾಖಲೆ ತಯಾರಾಯಿತು. ಸ್ವಾತಂತ್ರ್ಯ ಎಲ್ಲಿ ಸೋತರೂ ಎಲ್ಲೆಡೆ ಸೋತಂತೆ, ಆದ್ದರಿಂದ ಸೈನ್ಯವನ್ನು ಭಾರಿಯಾಗಿ ಬೆಳೆಸಬೇಕು ಎಂಬುದು ಅದರ ತಿರುಳು. ಅಳೆದು ನೋಡುವ ತಕ್ಕಡಿಯನ್ನೇ ಮೂಲೆಗೆ ಎಸೆದಂತಾಯಿತು.

ಎರಡೇ ತಿಂಗಳಲ್ಲಿ, ಜೂನ್ 25ರಂದು, ಉತ್ತರ ಕೊರಿಯಾದ ಸೇನೆ 38ನೇ ಅಕ್ಷಾಂಶ ದಾಟಿ ದಕ್ಷಿಣಕ್ಕೆ ನುಗ್ಗಿತು. ವಿಶ್ವಸಂಸ್ಥೆಯ ಬಾವುಟದಡಿ ಅಮೆರಿಕ ಯುದ್ಧಕ್ಕಿಳಿಯಿತು. ನುಗ್ಗಿದವರನ್ನು ಹಿಂದಕ್ಕಟ್ಟುವುದು ತಡೆಯುವ ನೀತಿಗೆ ಒಪ್ಪುವ ಮಾತೇ. ಆದರೆ ಇಂಚಾನ್‌ನಲ್ಲಿ ಗೆದ್ದ ಜನರಲ್ ಮೆಕಾರ್ಥರ್‌ನ ಪಡೆ ಗಡಿ ದಾಟಿ ಚೀನಾದ ಅಂಚಿನವರೆಗೆ ಹೊರಟಿತು. ಅಮೆರಿಕದ ಪಡೆ 38ನೇ ಅಕ್ಷಾಂಶ ದಾಟಿದರೆ ಸುಮ್ಮನಿರುವುದಿಲ್ಲ ಎಂದು ಚೀನಾದ ಪ್ರಧಾನಿ ಚೌ ಎನ್‌ಲಾಯ್ ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಮೂಲಕ ಎಚ್ಚರಿಕೆ ಕಳಿಸಿದ. ವಾಷಿಂಗ್ಟನ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಚೀನಾದ ಸೇನೆ ಯಾಲು ನದಿ ದಾಟಿ ಬಂತು. ಯುದ್ಧ 1953ರ ಜುಲೈ 27ರವರೆಗೆ ಎಳೆದು, ಹೆಚ್ಚುಕಡಿಮೆ ಶುರುವಾದ ಗೆರೆಯ ಹತ್ತಿರವೇ ನಿಂತಿತು.

ಅದರ ಕೊನೆಯ ಅಧ್ಯಾಯದಲ್ಲಿ ನಮ್ಮ ಕೊಡಗಿನವರೊಬ್ಬರಿದ್ದಾರೆ. ಕದನವಿರಾಮ ಒಂದು ವರ್ಷಕ್ಕೂ ಹೆಚ್ಚು ಕಾಲ ತಡವಾದದ್ದು ಯುದ್ಧಕೈದಿಗಳ ವಿಷಯದಲ್ಲಿ. ಸೆರೆಸಿಕ್ಕ ಸಾವಿರಾರು ಚೀನೀ ಮತ್ತು ಉತ್ತರ ಕೊರಿಯನ್ ಸೈನಿಕರು ತಮ್ಮ ದೇಶಕ್ಕೆ ಮರಳಲು ಒಲ್ಲೆವೆಂದರು. ಹಾಗಂತ ಅವರು ಸ್ವಂತ ಮನಸ್ಸಿನಿಂದ ಹೇಳುತ್ತಿದ್ದಾರೋ, ಶಿಬಿರದೊಳಗಿನ ಗುಂಪುಗಳ ಹೆದರಿಕೆಯಿಂದಲೋ? ಇದನ್ನು ತೀರ್ಮಾನಿಸಲು ಐದು ತಟಸ್ಥ ದೇಶಗಳ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯ. ಕೈದಿಗಳ ಕಾವಲಿಗೆ ಜನರಲ್ ಎಸ್.ಪಿ.ಪಿ. ತೋರಟ್ ಅವರ ಕೈಕೆಳಗೆ ಭಾರತದ ಸೈನಿಕರು ಹೋದರು. ಭಾರತದವರು ನಮ್ಮ ನೆಲ ಮೆಟ್ಟಕೂಡದು ಎಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದ. ಕೊನೆಗೆ ಇಂಚಾನ್ ಬಂದರಿನ ಹಡಗುಗಳಿಂದ ಅಮೆರಿಕದ ಹೆಲಿಕಾಪ್ಟರುಗಳಲ್ಲಿ ಅವರನ್ನು ನೇರ ಸೇನಾಮುಕ್ತ ವಲಯಕ್ಕೆ ಒಯ್ದರು.

ಅಲ್ಲಿ 22,000ಕ್ಕೂ ಹೆಚ್ಚು ಕೈದಿಗಳು. ಕಮ್ಯುನಿಸ್ಟ್ ಕಡೆಯ ಅಧಿಕಾರಿಗಳು ಡೇರೆಗಳಲ್ಲಿ ಕೂತು ಅವರನ್ನು ಒಬ್ಬೊಬ್ಬರನ್ನಾಗಿ ಕರೆಸಿ ಊರಿಗೆ ಬಾ ಎಂದು ಒಲಿಸುವುದು, ಭಾರತದ ಸೈನಿಕರು ಪಕ್ಕದಲ್ಲಿ ನಿಂತು ಬಲವಂತ ನಡೆಯದಂತೆ ನೋಡಿಕೊಳ್ಳುವುದು. ಕೈದಿಗಳು ಕಿರುಚುತ್ತಿದ್ದರು, ಕುರ್ಚಿ ಎಸೆಯುತ್ತಿದ್ದರು. ಎರಡೂ ಬಣಗಳು ತಿಮ್ಮಯ್ಯನವರ ಮೇಲೆ ದೂರು ಹೇಳಿದವು. ಬಹುಪಾಲು ಕೈದಿಗಳು ಕೊನೆಗೂ ಮರಳಲಿಲ್ಲ, ಹದಿನಾಲ್ಕು ಸಾವಿರಕ್ಕೂ ಹೆಚ್ಚು ಚೀನೀಯರು ತೈವಾನಿಗೆ ಹೋದರು. ಎರಡೂ ಬಣ ಬೇಡವೆಂದ ಎಂಬತ್ತಕ್ಕೂ ಹೆಚ್ಚು ಜನ ಭಾರತಕ್ಕೆ ಬಂದರು, ಅವರಲ್ಲಿ ಹಲವರು ಮುಂದೆ ಬ್ರೆಜಿಲ್, ಅರ್ಜೆಂಟೀನಾ ಸೇರಿದರು. ಅಲಿಪ್ತ ನೀತಿ ಎಂದರೆ ಗೋಡೆಯ ಮೇಲೆ ಕೂರುವುದು ಎಂದು ಹೇಳುವವರಿಗೆ ನಾನು ಈ ಡೇರೆಗಳ ಕಥೆ ಹೇಳುತ್ತೇನೆ. ಇಬ್ಬರ ಬೈಗುಳವನ್ನೂ ತಿಂದು ಇಬ್ಬರಿಗೂ ಬೇಕಾದ ಕೆಲಸ ಮಾಡಿಕೊಟ್ಟ ಸೈನಿಕರು ಅವರು.

ಮುಂದಿನ ಹತ್ತು ವರ್ಷಗಳನ್ನು ಬೇಗ ದಾಟಬಹುದು. 1953ರಲ್ಲಿ ಸಂಸತ್ತಿನ ಬೆಂಬಲವಿದ್ದ ಇರಾನಿನ ಪ್ರಧಾನಿ ಮೊಸಾದೆಗ್‌ನನ್ನೂ, 1954ರಲ್ಲಿ ಜನರೇ ಆರಿಸಿದ ಗ್ವಾಟೆಮಾಲಾದ ಅಧ್ಯಕ್ಷ ಆರ್ಬೆಂಜ್‌ನನ್ನೂ ಸಿಐಎ ಕೈವಾಡದಿಂದ ಇಳಿಸಲಾಯಿತು. ಕಾರಣ ಕೇಳಿದರೆ ಕಮ್ಯುನಿಸಂ ತಡೆಯಲು ಎಂಬ ಉತ್ತರ. 1955ರಲ್ಲಿ ಸೋವಿಯತ್ ಕಡೆ ವಾರ್ಸಾ ಒಪ್ಪಂದವಾಯಿತು, 1956ರಲ್ಲಿ ಹಂಗೆರಿಯ ಜನ ಎದ್ದಾಗ ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟಿನ ಬೀದಿಗಿಳಿದವು. 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟನ್ನು ನಾನಿಲ್ಲಿ ಬೇಕೆಂದೇ ಬಿಡುತ್ತಿದ್ದೇನೆ, ಆ ಹದಿಮೂರು ದಿನಗಳಿಗೆ ಪ್ರತ್ಯೇಕ ಪಾಠವೇ ಬೇಕು.

ವಿಯೆಟ್ನಾಮನ್ನು ಮಾತ್ರ ಬಿಡುವಂತಿಲ್ಲ. 1945ರ ಸೆಪ್ಟೆಂಬರ್ 2ರಂದು ಹನೋಯಿಯಲ್ಲಿ ಸ್ವಾತಂತ್ರ್ಯ ಘೋಷಿಸುವಾಗ ಹೋ ಚಿ ಮಿನ್ ಮಾತು ಶುರುಮಾಡಿದ್ದು ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ನೆನೆದು. ಅವನು ಕಮ್ಯುನಿಸ್ಟ್ ಹೌದು, ಆದರೆ ಅವನ ಜನಕ್ಕೆ ಅವನು ಮೊದಲಿಗೆ ಫ್ರೆಂಚರನ್ನು ಓಡಿಸಲು ಹೊರಟ ನಾಯಕ. ವಾಷಿಂಗ್ಟನ್ನಿಗೆ ಕಂಡದ್ದು ಕಮ್ಯುನಿಸ್ಟ್ ಮಾತ್ರ. 1954ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಾಲಾಗಿ ನಿಲ್ಲಿಸಿದ ಡೊಮಿನೊ ಬಿಲ್ಲೆಗಳ ಉದಾಹರಣೆ ಕೊಟ್ಟ: ಒಂದು ಬಿದ್ದರೆ ಉಳಿದವೂ ಬೀಳುತ್ತವೆ ಎಂದು. ಆ ತರ್ಕ ಹಿಡಿದು ಹೋದ ಅಮೆರಿಕ 58,000ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ವಿಯೆಟ್ನಾಮಿನವರು ಸತ್ತದ್ದು ಹತ್ತಾರು ಲಕ್ಷ. 1975ರ ಏಪ್ರಿಲ್ 30ರಂದು ಸೈಗಾನ್ ಬಿತ್ತು. ನಾಲ್ಕು ವರ್ಷಗಳಲ್ಲಿ ಕಮ್ಯುನಿಸ್ಟ್ ಚೀನಾವೂ ಕಮ್ಯುನಿಸ್ಟ್ ವಿಯೆಟ್ನಾಮೂ ತಮ್ಮತಮ್ಮಲ್ಲೇ ಯುದ್ಧ ಮಾಡಿದವು. ಬರ್ಲಿನ್ನಿನಲ್ಲಿ ಗೆದ್ದ ನೀತಿ ಇಲ್ಲಿ ಸೋತದ್ದು ಸೈನ್ಯ ಸಾಲದೆ ಅಲ್ಲ. ಯಾರ ರಕ್ಷಣೆಗೆಂದು ಹೋದರೋ ಆ ಜನರ ಮನಸ್ಸು ಅರಿಯದೆ ಹೋದದ್ದರಿಂದ, ರಾಷ್ಟ್ರೀಯ ಹೋರಾಟವನ್ನು ಮಾಸ್ಕೋದ ಸಂಚೆಂದು ಓದಿದ್ದರಿಂದ.

ಕೆನನ್ ಇದನ್ನು ಆಗಲೇ ಹೇಳಿದ್ದ. 1966ರ ಫೆಬ್ರವರಿಯಲ್ಲಿ ಸೆನೆಟ್ ಸಮಿತಿಯ ಮುಂದೆ ಸಾಕ್ಷಿ ನುಡಿಯುತ್ತ, ಈಗಾಗಲೇ ಸಿಕ್ಕಿಕೊಳ್ಳದೆ ಇದ್ದಿದ್ದರೆ ವಿಯೆಟ್ನಾಮಿಗೆ ಹೋಗಲು ಕಾರಣವೇ ಕಾಣುತ್ತಿಲ್ಲ ಎಂಬರ್ಥದಲ್ಲಿ ಮಾತಾಡಿದ. ಆ ಸಾಕ್ಷ್ಯವನ್ನು ನೇರ ಪ್ರಸಾರ ಮಾಡದೆ ಸಿಬಿಎಸ್ ವಾಹಿನಿ ಹಳೆಯ ಹಾಸ್ಯ ಧಾರಾವಾಹಿ ತೋರಿಸಿತು. ಅದನ್ನು ಪ್ರತಿಭಟಿಸಿ ವಾಹಿನಿಯ ಸುದ್ದಿ ವಿಭಾಗದ ಮುಖ್ಯಸ್ಥ ಫ್ರೆಡ್ ಫ್ರೆಂಡ್ಲಿ ರಾಜೀನಾಮೆ ಕೊಟ್ಟ.

1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆಯಿತು, 1991ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ತಡೆಯುವ ನೀತಿಯಿಂದಲೇ ಹಾಗಾಯಿತೋ, ಸೋವಿಯತ್ ನಾಯಕ ಗೋರ್ಬಚೆವ್‌ನ ಸುಧಾರಣೆಗಳಿಂದಲೋ, ಪೋಲೆಂಡಿನ ಕಾರ್ಮಿಕರ ಛಲದಿಂದಲೋ ಎಂದು ಇತಿಹಾಸಕಾರರು ಇನ್ನೂ ವಾದಿಸುತ್ತಿದ್ದಾರೆ. ಆ ವಾದಕ್ಕೆ ಇಳಿಯುವ ಮೊದಲು ಮೂಲ ದಾಖಲೆಗಳನ್ನು ಓದಿ. ಕೆನನ್‌ನ ತಂತಿ ಮೊದಲು, ನೊವಿಕೋವ್‌ನದು ಎರಡನೆಯದು, 1975ರಲ್ಲಿ ಗೌಪ್ಯತೆ ಕಳಚಿ ಹೊರಬಂದ ಎನ್‌ಎಸ್‌ಸಿ-68 ಮೂರನೆಯದು. ಒಂದೊಂದನ್ನು ಓದುವಾಗಲೂ ಅದನ್ನು ಬರೆದ ದಿನದಂದು ಬರೆದವನಿಗೆ ಏನೇನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂದು ಪಕ್ಕದಲ್ಲೊಂದು ಹಾಳೆಯಲ್ಲಿ ಬರೆದುಕೊಳ್ಳಿ. ಮುಂದಿನ ತರಗತಿಗೆ ಆ ಹಾಳೆ ತನ್ನಿ, ಕ್ಯೂಬಾವನ್ನು ಅಲ್ಲಿಂದ ಶುರುಮಾಡೋಣ.